ಲಾಟ್ ಹೊರಗೆ ಹೋದ ದಿನದಿಂದ ಎಣಿಸಬೇಕಿತ್ತು

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಫೈಲುಗಳನ್ನು ನಾಲ್ಕು ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಒಳಗೆ ಬಂದ ಮೆಣಸಿನಕಾಯಿ ಲಾಟುಗಳ ಫೋಟೋ, ತೂಕದ ಚೀಟಿ, ಕೋಣೆಗಳ ತಾಪಮಾನದ ದಾಖಲೆ, ಬಿಲ್ಲುಗಳ ಸ್ಕ್ಯಾನ್, ಎಲ್ಲವೂ ಇಂಟರ್ನೆಟ್ಟಿನಲ್ಲಿ ಫೈಲು ಇಡಲು ಬಾಡಿಗೆ ಜಾಗ ಕೊಡುವ ಅಮೆಜಾನ್ ಎಸ್3 ಸೇವೆಯ ಒಂದು ದೊಡ್ಡ ಪೆಟ್ಟಿಗೆಯಲ್ಲಿ, ಅವರ ಮಾತಿನಲ್ಲಿ ಬಕೆಟ್‌ನಲ್ಲಿವೆ. ನಾನಿರುವುದು ಹುಬ್ಬಳ್ಳಿಯಲ್ಲಿ. ತಿಂಗಳಿಗೊಮ್ಮೆ ಬ್ಯಾಡಗಿಗೆ ಹೋಗಿ ಬರುತ್ತೇನೆ, ಉಳಿದ ಕೆಲಸ ಇಲ್ಲಿಂದಲೇ ನಡೆಯುತ್ತದೆ.

ಫೋಟೋಗೆ ಇಷ್ಟು ಬೆಲೆ ಯಾಕೆ ಅಂತ ಮೊದಲು ಹೇಳಬೇಕು. ಬ್ಯಾಡಗಿ ಮೆಣಸಿನಕಾಯಿ ಮಾರಾಟವಾಗುವುದು ಬಣ್ಣದ ಮೇಲೆ. ಖಾರ ಕಡಿಮೆ, ಕೆಂಪು ಜಾಸ್ತಿ. ಡಬ್ಬಿ ತಳಿಯಾಗಲಿ ಕಡ್ಡಿ ತಳಿಯಾಗಲಿ, ಸೆಕೆಗೆ ಬಣ್ಣ ಕಳೆದುಕೊಂಡರೆ ದರ ಇಳಿಯುತ್ತದೆ. ಅದಕ್ಕೇ ತಣ್ಣಗಿನ ಕೋಣೆಯಲ್ಲಿ ಇಡುತ್ತಾರೆ. ಕೆಲವು ಲಾಟು ಎರಡು ಮೂರು ತಿಂಗಳಲ್ಲಿ ಹೊರಗೆ ಹೋಗುತ್ತವೆ. ಕೆಲವು ಮುಂದಿನ ಸುಗ್ಗಿಯ ತನಕ ಒಳಗೇ ಇರುತ್ತವೆ. ಹೊರಗೆ ತೆಗೆದಾಗ ‘ಇಟ್ಟಾಗ ಹಿಂಗಿರಲಿಲ್ಲ’ ಎಂಬ ಮಾತು ಬಂದರೆ ನಮ್ಮ ಹತ್ತಿರ ಇರುವ ಸಾಕ್ಷಿ ಒಳಗೆ ಬಂದ ದಿನದ ಫೋಟೋ. ಚೀಲದ ಬಾಯಿ ಬಿಚ್ಚಿ, ಕಾಯಿಯ ಪಕ್ಕ ಒಂದು ಬಿಳಿ ಕಾರ್ಡ್ ಇಟ್ಟು ತೆಗೆಯುತ್ತೇವೆ. ಆ ಬಿಳಿ ಇಲ್ಲದಿದ್ದರೆ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಕೆಂಪನ್ನು ಬಿಸಿಲಲ್ಲಿ ತೆಗೆದ ಕೆಂಪಿನ ಜೊತೆ ಹೋಲಿಸಲು ಬರುವುದಿಲ್ಲ.

ಮೊದಲ ವರ್ಷ ಹಳೆಯ ಫೈಲು ತೆಗೆಯುವ ಕೆಲಸ ಕೈಯಿಂದಲೇ ಮಾಡಿದೆ. ತಿಂಗಳ ಕೊನೆಗೆ ಪಟ್ಟಿ ಇಳಿಸಿಕೊಂಡು, ಗುಮಾಸ್ತರ ಸ್ಟಾಕ್ ರಿಜಿಸ್ಟರ್ ಜೊತೆ ತಾಳೆ ನೋಡಿ, ಬೇಡದ್ದನ್ನು ಅಳಿಸುತ್ತಿದ್ದೆ. ಎರಡು ದಿನ ಅದಕ್ಕೇ ಹೋಗುತ್ತಿತ್ತು. ಜನವರಿಯಿಂದ ಆವಕ ಹೆಚ್ಚಾದಾಗ ಅದೂ ಆಗಲಿಲ್ಲ. ಸೋಮವಾರ, ಗುರುವಾರ ಮಾರುಕಟ್ಟೆ ದಿನ. ಆ ಎರಡು ದಿನ ಗುಮಾಸ್ತರಿಗೆ ನೀರು ಕುಡಿಯಲೂ ಪುರುಸೊತ್ತು ಇರುವುದಿಲ್ಲ, ಇನ್ನು ನನ್ನ ಪಟ್ಟಿ ಯಾರು ನೋಡಬೇಕು?

ಎಸ್3ರಲ್ಲಿ ಇದಕ್ಕೆಂದೇ ಲೈಫ್‌ಸೈಕಲ್ ರೂಲ್ ಇದೆ. ಇಂಥ ಫೈಲು ಇಷ್ಟು ದಿನ ಹಳೆಯದಾದರೆ ಕಡಿಮೆ ದರದ ವಿಭಾಗಕ್ಕೆ ಕಳಿಸು, ಇಷ್ಟು ದಿನವಾದರೆ ಅಳಿಸು ಎಂದು ಒಮ್ಮೆ ಬರೆದಿಟ್ಟರೆ ಅದೇ ನಡೆಸಿಕೊಂಡು ಹೋಗುತ್ತದೆ. ‘ಇಂಥ ಫೈಲು’ ಎಂದು ಗುರುತಿಸಲು ಹೆಸರಿನ ಮೊದಲ ಭಾಗವನ್ನು, ಅಂದರೆ ಪ್ರಿಫಿಕ್ಸನ್ನು ಬಳಸಬಹುದು, ಫೈಲಿಗೆ ಅಂಟಿಸುವ ಚೀಟಿಯಂಥ ಟ್ಯಾಗ್ ಬಳಸಬಹುದು, ಫೈಲಿನ ಗಾತ್ರವನ್ನೂ ಬಳಸಬಹುದು. ದಿನದ ಲೆಕ್ಕ ಯುಟಿಸಿ ಎಂಬ ಜಾಗತಿಕ ಸಮಯದ ಮಧ್ಯರಾತ್ರಿಗೆ ನಡೆಯುತ್ತದೆ. ಅಂದರೆ ನಮ್ಮ ಬೆಳಗಿನ 5.30.

ಸಾವ್ಕಾರರು ಹೇಳಿದ್ದು ಸರಳವಾಗಿತ್ತು: ‘ಲಾಟ್ ಹೊರಗ ಹೋದ ಮ್ಯಾಲೆ ಮೂರು ತಿಂಗಳು ಫೋಟೋ ಇದ್ರ ಸಾಕು.’ ನಾನು ಹೀಗೆ ಮಾಡಿದೆ. ಮಾಲು ಹೊರಗೆ ಬಿಡುವ ಗೇಟ್ ಪಾಸ್ ಹರಿದು ಕೊಟ್ಟ ತಕ್ಷಣ ನಮ್ಮ ಪ್ರೋಗ್ರಾಂ ಆ ಲಾಟಿನ ಎಲ್ಲ ಫೋಟೋಗಳಿಗೂ ‘ಹೊರಗೆ’ ಎಂಬ ಟ್ಯಾಗ್ ಹಾಕುತ್ತದೆ. ರೂಲ್‌ನಲ್ಲಿ ‘ಹೊರಗೆ ಟ್ಯಾಗ್ ಇದ್ದು 90 ದಿನ ಆದರೆ ಅಳಿಸು’ ಎಂದು ಬರೆದೆ. ಪರೀಕ್ಷೆಗೆ ಅವತ್ತೇ ಹತ್ತು ಫೋಟೋ ಏರಿಸಿ, ಟ್ಯಾಗ್ ಹಾಕಿ, 90ರ ಬದಲು 1 ದಿನ ಇಟ್ಟು ನೋಡಿದೆ. ಸರಿಯಾಗಿ ಹೋದವು. ನಾನು ನಿಶ್ಚಿಂತನಾದೆ.

41 ದಿನ ಕಳೆದ ಮೇಲೆ ಒಂದು ಬುಧವಾರ ಗುಮಾಸ್ತ ಕಾಕಾ ಫೋನ್ ಮಾಡಿದರು.

‘ತಮ್ಮಾ, ಸೋಮವಾರ ಹೋದ ಲಾಟಿಗೆ ಬಣ್ಣದ ತಕರಾರು ಬಂದೈತಿ. ಫೋಟೋ ಒಂದೂ ಕಾಣವಲ್ವು ನೋಡು.’

‘ಮೂರು ತಿಂಗಳು ಇರ್ತಾವ್ರಿ ಕಾಕಾ. ಸ್ವಲ್ಪ ತಡೀರಿ, ನೋಡ್ತೀನಿ.’

ನೋಡಿದರೆ ನಿಜವಾಗಿಯೂ ಇರಲಿಲ್ಲ. ಆ ಲಾಟ್ ಒಳಗೆ ಬಂದು ಹನ್ನೊಂದು ತಿಂಗಳಾಗಿತ್ತು. ಸೋಮವಾರ ಟ್ಯಾಗ್ ಬಿದ್ದಿದೆ, ಮಂಗಳವಾರ ಬೆಳಗಿನ ಲೆಕ್ಕದಲ್ಲಿ ಫೋಟೋ ಹೋಗಿವೆ. ಯಾಕೆಂದರೆ ರೂಲ್ ಆ 90 ದಿನವನ್ನು ಎಣಿಸುವುದು ಫೈಲು ಬಕೆಟ್ಟಿಗೆ ಬಂದ ದಿನದಿಂದ. ಟ್ಯಾಗ್ ಯಾವಾಗ ಹಾಕಿದರು ಎಂಬುದನ್ನು ಅದು ನೋಡುವುದೇ ಇಲ್ಲ. ಟ್ಯಾಗ್ ಇದೆಯಾ? ಇದೆ. 90 ದಿನ ದಾಟಿದೆಯಾ? 330 ದಾಟಿದೆ. ಅಳಿಸು. ನನ್ನ ಪರೀಕ್ಷೆಯಲ್ಲಿ ಫೋಟೋ ಬಂದದ್ದೂ ಟ್ಯಾಗ್ ಬಿದ್ದದ್ದೂ ಒಂದೇ ದಿನ. ಹಾಗಾಗಿ ಈ ವ್ಯತ್ಯಾಸ ಕಾಣುವ ದಾರಿಯೇ ಇರಲಿಲ್ಲ.

ಅವತ್ತು ಉಳಿಸಿದ್ದು ವರ್ಷನಿಂಗ್. ಅದು ಚಾಲೂ ಇರುವ ಬಕೆಟ್‌ನಲ್ಲಿ ಅಳಿಸಿದ ಫೈಲು ನಿಜಕ್ಕೂ ಹೋಗುವುದಿಲ್ಲ. ಮೇಲೆ ಡಿಲೀಟ್ ಮಾರ್ಕರ್ ಎಂಬ ಒಂದು ಗುರುತು ಕೂರುತ್ತದೆ, ಹಳೆಯ ಪ್ರತಿ ಅದರ ಕೆಳಗೆ ಇರುತ್ತದೆ. ಆ ಗುರುತನ್ನು ತೆಗೆದರೆ ಫೈಲು ಮತ್ತೆ ಕಾಣುತ್ತದೆ. ಕಾಲು ಗಂಟೆಯಲ್ಲಿ ಆ ಲಾಟಿನ ಫೋಟೋ ಕಾಕಾ ಅವರ ಮೊಬೈಲಿಗೆ ಹೋದವು. ಆದರೆ ಹಳೆಯ ಪ್ರತಿಗಳನ್ನು 30 ದಿನ ಮಾತ್ರ ಇಡು ಎಂದು ಇನ್ನೊಂದು ರೂಲ್ ನಾನೇ ಹಾಕಿದ್ದೆ. ಹಾಗಾಗಿ ಮೊದಲ ಹನ್ನೊಂದು ದಿನಗಳಲ್ಲಿ ಅಳಿಸಿಹೋದವು ವಾಪಸು ಬರಲಿಲ್ಲ. 19 ಲಾಟುಗಳ ಫೋಟೋ. ಅವುಗಳ ಮೇಲೆ ಯಾವ ತಕರಾರೂ ಬರಲಿಲ್ಲ. ಆದರೂ ಆ 19 ಗೇಟ್ ಪಾಸ್ ನಂಬರುಗಳನ್ನು ಒಂದು ಹಾಳೆಯಲ್ಲಿ ಬರೆದು ಸಾವ್ಕಾರರಿಗೆ ಕೊಟ್ಟು ಬಂದೆ. ಅವರ ಮಾಲಿನ ಸಾಕ್ಷಿ ಅದು, ಅವರಿಗೆ ಗೊತ್ತಿರಬೇಕು.

ಈಗ ಟ್ಯಾಗಿನ ರೂಲ್ ಇಲ್ಲ. ಲಾಟ್ ಒಳಗಿರುವಾಗ ಫೋಟೋ ‘ಒಳಗೆ’ ಎಂಬ ಪ್ರಿಫಿಕ್ಸ್ ಕೆಳಗಿರುತ್ತದೆ. ಅದರ ಮೇಲೆ ಅಳಿಸುವ ರೂಲ್ ಇಲ್ಲವೇ ಇಲ್ಲ. 30 ದಿನವಾದ ಮೇಲೆ ಸ್ಟ್ಯಾಂಡರ್ಡ್-ಐಎ ಎಂಬ ಕಡಿಮೆ ದರದ ವಿಭಾಗಕ್ಕೆ ಹೋಗುತ್ತದೆ, ಅಷ್ಟೇ. ಗೇಟ್ ಪಾಸ್ ಹರಿದಾಗ ಪ್ರೋಗ್ರಾಂ ಆ ಫೋಟೋಗಳನ್ನು ‘ಹೊರಗೆ’ ಪ್ರಿಫಿಕ್ಸಿಗೆ ನಕಲು ಮಾಡುತ್ತದೆ. ನಕಲು ಅಂದರೆ ಹೊಸ ಆಬ್ಜೆಕ್ಟ್, ಹೊಸ ಫೈಲೇ. ಅದರ ಹುಟ್ಟಿದ ದಿನ ಅಂದರೆ ಲಾಟ್ ಹೊರಗೆ ಹೋದ ದಿನ. 90 ದಿನದ ರೂಲ್ ಇರುವುದು ಈ ಪ್ರಿಫಿಕ್ಸಿನ ಮೇಲೆ ಮಾತ್ರ. ನಕಲಿನ ಗಾತ್ರ, ಫೈಲು ಒಂದಕ್ಷರವೂ ಬದಲಾಗಿಲ್ಲ ಎಂದು ತೋರಿಸುವ ಚೆಕ್‌ಸಮ್ ಎರಡೂ ಹೊಂದಿದ ಮೇಲೆಯೇ ಒಳಗಿನದನ್ನು ಅಳಿಸುತ್ತೇವೆ. ಐಎ ವಿಭಾಗದಿಂದ ಓದುವುದಕ್ಕೆ ಸ್ವಲ್ಪ ಶುಲ್ಕ ಬೀಳುತ್ತದೆ. ಬೀಳಲಿ. ನನಗೆ ಅದು ಸರಿಯಾದ ಜಾಗದಲ್ಲಿ ಖರ್ಚಾದ ದುಡ್ಡು.

ಇನ್ನೊಂದು ಬದಲಾವಣೆ ಮಾಡಿದೆ. ಪ್ರೋಗ್ರಾಂ ಬಳಸುವ ಖಾತೆಗೆ ಫೈಲು ಅಳಿಸುವ ಅನುಮತಿ ಇದೆ, ಆದರೆ ಹಳೆಯ ವರ್ಷನ್ ಅಳಿಸುವ ಅನುಮತಿ ಇಲ್ಲ. ಎಸ್3ರಲ್ಲಿ ಇವೆರಡು ಬೇರೆ ಬೇರೆ ಅನುಮತಿಗಳು. ನನ್ನ ಕೋಡ್ ಎಷ್ಟೇ ತಪ್ಪಿದರೂ ಹಾಕುವುದು ಡಿಲೀಟ್ ಮಾರ್ಕರ್ ಮಾತ್ರ. ಹಳೆಯ ಪ್ರತಿ ಇಡುವ ಅವಧಿಯನ್ನೂ 30ರಿಂದ 120 ದಿನಕ್ಕೆ ಏರಿಸಿದೆ. ಲೈಫ್‌ಸೈಕಲ್ ರೂಲ್‌ಗಳಿಗೆ ‘ಮೊದಲು ತೋರಿಸು, ಆಮೇಲೆ ಮಾಡು’ ಎನ್ನುವ ಸೌಲಭ್ಯ ಇಲ್ಲ. ಹಾಕಿದರೆ ಹಾಕಿದ ಹಾಗೆ. ಈಗ ಹೊಸ ರೂಲ್ ಹಾಕುವ ಮೊದಲು ಎಸ್3 ಕೊಡುವ ಇನ್ವೆಂಟರಿ ಎಂಬ ಫೈಲುಗಳ ಪಟ್ಟಿಯ ಮೇಲೆ ಅದೇ ಲೆಕ್ಕ ಹಾಕಿ, ಇವತ್ತು ಹಾಕಿದರೆ ನಾಳೆ ಬೆಳಗ್ಗೆ ಯಾವ ಯಾವ ಲಾಟ್ ಹೋಗುತ್ತದೆ ಎಂದು ಹೆಸರು ಸಮೇತ ಬರೆದು ನೋಡುತ್ತೇನೆ.

ತಾಪಮಾನದ ಫೈಲುಗಳದ್ದು ಬೇರೆ ಕಥೆ. ಎಂಟು ಕೋಣೆ, ಪ್ರತಿ ಕೋಣೆಯ ಸೆನ್ಸರ್ ಐದು ನಿಮಿಷಕ್ಕೊಂದು ಫೈಲು ಕಳಿಸುತ್ತದೆ. ಕೋಣೆಗೆ ದಿನಕ್ಕೆ 288. ಎಂಟಕ್ಕೆ 2,304. ವರ್ಷಕ್ಕೆ ಎಂಟು ಲಕ್ಷ ದಾಟುತ್ತದೆ. ಒಂದೊಂದು ಫೈಲು ಒಂದು ಕೆಬಿ ಕೂಡ ಇಲ್ಲ. ಇವನ್ನೂ ಐಎಗೆ ಕಳಿಸಿದರೆ ಉಳಿತಾಯ ಆಗುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಆ ವಿಭಾಗದಲ್ಲಿ ಫೈಲು ಎಷ್ಟೇ ಚಿಕ್ಕದಿರಲಿ, ಕನಿಷ್ಠ 128 ಕೆಬಿಯ ಬಾಡಿಗೆ ಕೊಡಬೇಕು. ಜೊತೆಗೆ ಸ್ಥಳಾಂತರದ ಶುಲ್ಕ ಸಾವಿರ ಫೈಲಿಗೆ ಇಷ್ಟು ಎಂದು ಎಣಿಕೆಯ ಮೇಲೆ ಬೀಳುತ್ತದೆ, ತೂಕದ ಮೇಲೆ ಅಲ್ಲ. ಒಂದು ಹಿಡಿ ಮೆಣಸಿನಕಾಯಿ ಇಡಲು ಇಡೀ ಚೀಲದ ಬಾಡಿಗೆ ಕೊಟ್ಟ ಹಾಗೆ. ಲೈಫ್‌ಸೈಕಲ್ ರೂಲ್‌ಗಳು 128 ಕೆಬಿಗಿಂತ ಚಿಕ್ಕ ಫೈಲುಗಳನ್ನು ತಾವಾಗಿ ಸ್ಥಳಾಂತರಿಸುವುದಿಲ್ಲ. ಒಳ್ಳೆಯದಾಯಿತು. ಆದರೂ ಆ ಚೂರುಪಾರು ಫೈಲುಗಳ ರಾಶಿ ಹಾಗೇ ಉಳಿಯುತ್ತದೆ. ಅದಕ್ಕೆ ರಾತ್ರಿ ಒಂದು ಗಂಟೆಗೆ ಒಂದು ಸ್ಕ್ರಿಪ್ಟ್ ಓಡುತ್ತದೆ. ಕೋಣೆಗೊಂದರಂತೆ ಹಿಂದಿನ ದಿನದ 288 ಫೈಲು ಸೇರಿಸಿ ಒಂದೇ ಫೈಲು ಮಾಡುತ್ತದೆ. 288ಕ್ಕಿಂತ ಕಡಿಮೆ ಇದ್ದರೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಯ ತನಕ ಇಲ್ಲ ಎಂದು ಕಾಕಾ ಅವರಿಗೆ ಮೆಸೇಜ್ ಹೋಗುತ್ತದೆ. ಸೆನ್ಸರ್ ಕೆಟ್ಟದ್ದು, ಕರೆಂಟ್ ಹೋಗಿದ್ದು ಮೊದಲು ಗೊತ್ತಾಗುವುದು ಈಗ ಇದರಿಂದಲೇ.

ಹೆಸರುಗಳ ವಿಷಯ ಕನ್ನಡದಲ್ಲಿ ಕೆಲಸ ಮಾಡುವವರೆಲ್ಲ ಗಮನಿಸಬೇಕಾದದ್ದು. ಮೊದಮೊದಲು ಫೋಟೋ ಹೆಸರಿನಲ್ಲೇ ಊರಿನ ಹೆಸರನ್ನು ಕನ್ನಡದಲ್ಲಿ ಇಡುತ್ತಿದ್ದೆವು. ನೋಡಿದ ತಕ್ಷಣ ಗೊತ್ತಾಗಲಿ ಎಂಬ ಆಸೆ. ಎಸ್3 ಅದಕ್ಕೆ ಬೇಡ ಎನ್ನುವುದಿಲ್ಲ. ಆದರೆ ಹೊಸ ಫೈಲು ಬಂದಾಗ ಅದು ನಮ್ಮ ಪ್ರೋಗ್ರಾಂಗೆ ಕಳಿಸುವ ಸೂಚನೆಯಲ್ಲಿ ಹೆಸರು ಶೇಕಡಾ ಚಿಹ್ನೆಗಳ ಸಾಲಾಗಿ ಬರುತ್ತದೆ. ‘ಮೋಟೆಬೆನ್ನೂರು’ ಯುನಿಕೋಡ್‌ನಲ್ಲಿ 12 ಸಂಕೇತ, 36 ಬೈಟ್. ಸೂಚನೆಯಲ್ಲಿ ಅದೇ 108 ಅಕ್ಷರ ಆಗುತ್ತದೆ. ಖಾಲಿ ಜಾಗ ಇದ್ದರೆ ಅದು ಪ್ಲಸ್ ಚಿಹ್ನೆ ಆಗುತ್ತದೆ. ಬಿಡಿಸಿಕೊಳ್ಳದೆ ಹುಡುಕಿದರೆ ‘ಅಂಥ ಫೈಲು ಇಲ್ಲ’ ಎಂಬ ಉತ್ತರ. ಅದನ್ನು ಬೇಗ ಸರಿಮಾಡಿದೆ. ಆಮೇಲೆ ಇನ್ನೊಂದು ಬಂತು. ಹಳೆಯ ಎಕ್ಸೆಲ್ ಹಾಳೆಗಳಲ್ಲಿ ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿದ್ದ ಊರುಗಳನ್ನು ಯುನಿಕೋಡ್‌ಗೆ ಬದಲಿಸಿದಾಗ ಕೆಲವು ಕಡೆ ‘ಮೋ’ದ ಸ್ವರಚಿಹ್ನೆ ಒಂದೇ ಸಂಕೇತವಾಗಿ, ಕೆಲವು ಕಡೆ ಬಿಡಿ ಬಿಡಿ ತುಂಡುಗಳಾಗಿ ಬಂದಿತ್ತು. ಕಣ್ಣಿಗೆ ಎರಡೂ ಒಂದೇ. ಎಸ್3ಗೆ ಎರಡು ಬೇರೆ ಊರು. ಒಂದೇ ಊರಿನ ಅರ್ಧ ಲಾಟು ಒಂದು ಪ್ರಿಫಿಕ್ಸಿನಲ್ಲಿ, ಉಳಿದರ್ಧ ಇನ್ನೊಂದರಲ್ಲಿ. ರೂಲ್ ಒಂದಕ್ಕೆ ತಗಲುತ್ತದೆ, ಇನ್ನೊಂದಕ್ಕೆ ತಗಲುವುದಿಲ್ಲ. ಇದನ್ನು ಹುಡುಕಲು ನನಗೆ ಮೂರು ದಿನ ಬೇಕಾಯಿತು. ಈಗ ಹೆಸರಿನಲ್ಲಿ ವರ್ಷ, ಲಾಟ್ ನಂಬರ್, ಕೋಣೆ ನಂಬರ್, ಕ್ರಮಸಂಖ್ಯೆ ಮಾತ್ರ. ಊರು, ರೈತರ ಹೆಸರು ಡೇಟಾಬೇಸಿನಲ್ಲಿ ಕನ್ನಡದಲ್ಲೇ ಇವೆ, ಸ್ಕ್ರೀನಿನ ಮೇಲೂ ಕನ್ನಡದಲ್ಲೇ ಕಾಣುತ್ತವೆ.

ಸಣ್ಣದೊಂದು ರೂಲ್ ಎಲ್ಲರೂ ಹಾಕಿಕೊಳ್ಳಲಿ ಎಂದು ಹೇಳುತ್ತೇನೆ. ದೊಡ್ಡ ಫೈಲುಗಳು, ನಮ್ಮಲ್ಲಿ ಲೋಡಿಂಗ್ ಜಾಗದ ಕ್ಯಾಮೆರಾ ವಿಡಿಯೋ, ತುಂಡು ತುಂಡಾಗಿ ಏರುತ್ತವೆ. ನಡುವೆ ನೆಟ್ ಹೋದರೆ ಏರಿದ ತುಂಡುಗಳು ಅಲ್ಲೇ ಉಳಿಯುತ್ತವೆ. ಸಾಮಾನ್ಯ ಪಟ್ಟಿಯಲ್ಲಿ ಕಾಣುವುದಿಲ್ಲ, ಬಿಲ್ಲಿನಲ್ಲಿ ಮಾತ್ರ ಕಾಣುತ್ತವೆ. ಪೂರ್ತಿಯಾಗದ ಅಪ್‌ಲೋಡನ್ನು 7 ದಿನಕ್ಕೆ ತೆಗೆದುಹಾಕು ಎಂಬ ಒಂದು ರೂಲ್ ಸಾಕು. ಬಿಲ್ಲುಗಳ ಸ್ಕ್ಯಾನ್ ಮಾತ್ರ ಯಾರೂ ಮುಟ್ಟುವ ಹಾಗಿಲ್ಲ. ಜಿಎಸ್‌ಟಿ ಕಾನೂನಿನ ಪ್ರಕಾರ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ದಾಖಲೆ ಇಡಬೇಕು. ವರ್ಷದ ಲೆಕ್ಕ ಮುಗಿದ ಮೇಲೆ ತಿಂಗಳಿಗೊಂದು ಕಟ್ಟು ಮಾಡಿ ಎಸ್3ರ ತೀರಾ ಅಗ್ಗದ ವಿಭಾಗವಾದ ಡೀಪ್ ಆರ್ಕೈವ್‌ಗೆ ಹಾಕುತ್ತೇವೆ. ವಾಪಸು ತೆಗೆಯಲು ಹನ್ನೆರಡು ಗಂಟೆ ಹಿಡಿಯಬಹುದು. ಆಡಿಟರನ್ನು ಮೊದಲೇ ಕೇಳಿದ್ದೆ, ಮರುದಿನ ಸಿಕ್ಕರೆ ಸಾಕು ಎಂದರು.

ಇಷ್ಟೆಲ್ಲ ತಾನಾಗಿ ನಡೆದರೂ ತಾಳೆ ನೋಡುವುದನ್ನು ನಾನು ಬಿಟ್ಟಿಲ್ಲ. ಅದರ ರೀತಿ ಬದಲಾಗಿದೆ. ಎಸ್3 ವಾರಕ್ಕೊಮ್ಮೆ, ಭಾನುವಾರ, ಬಕೆಟ್‌ನಲ್ಲಿ ಏನೇನಿದೆ ಎಂಬ ಇನ್ವೆಂಟರಿ ಪಟ್ಟಿ ಕೊಡುತ್ತದೆ. ಅದನ್ನು ಸ್ಟಾಕ್ ರಿಜಿಸ್ಟರಿನ ಜೊತೆ ಪ್ರೋಗ್ರಾಂ ಹೋಲಿಸುತ್ತದೆ. ಕೋಣೆಯಲ್ಲಿ ಮಾಲಿದ್ದು ಫೋಟೋ ಇಲ್ಲದ ಲಾಟು ಎಷ್ಟು, ಫೋಟೋ ‘ಒಳಗೆ’ ಇದ್ದು ಕೋಣೆಯಲ್ಲಿ ಮಾಲಿಲ್ಲದ ಲಾಟು ಎಷ್ಟು, ಈ ಎರಡೇ ಪಟ್ಟಿ. ಸೋಮವಾರ ಮಾರುಕಟ್ಟೆ ಗದ್ದಲ ಶುರುವಾಗುವ ಮೊದಲು ಕಾಕಾ ಅವರ ಮೇಜಿನ ಮೇಲೆ ಒಂದು ಹಾಳೆ ಇರುತ್ತದೆ. ಹೆಚ್ಚಿನ ವಾರ ಅದು ಖಾಲಿ. ಹೋದ ವಾರ ಮೂರು ಲಾಟು ಇದ್ದವು. ಅವುಗಳಲ್ಲಿ ಎರಡು ಲಾಟಿನ ಚೀಲಗಳ ಕೋಣೆ ಬದಲಾಗಿತ್ತು, ರಿಜಿಸ್ಟರಿನಲ್ಲಿ ಬರೆಯುವುದು ಮರೆತಿತ್ತು. ಮೂರನೆಯದನ್ನು ನೋಡಲು ಕಾಕಾ ಸ್ವೆಟರ್ ಹಾಕಿಕೊಂಡು ಐದನೇ ಕೋಣೆಗೆ ಹೋದರು. ಹದಿನೈದು ನಿಮಿಷ ಬಿಟ್ಟು ಫೋನ್ ಬಂತು: ‘ಐತಿ ತಮ್ಮಾ, ಹಿಂದಿನ ಸಾಲಿನ್ಯಾಗ ಐತಿ. ಫೋಟೋ ಈಗ ಹೊಡದ ಕಳಸ್ತೀನಿ, ಬಿಳಿ ಕಾರ್ಡ್ ಇಟ್ಟೀನಿ.’