ಗೀಜಗಾನೂ ಜೊಂಡೂ ಪಕ್ಕಪಕ್ಕ ಇಟ್ಟು ನೋಡೋದು ಹೇಗೆ?

ಹಕ್ಕೀನ ಗಿಡಕ್ಕೆ ಯಾರಾದ್ರೂ ಹೋಲಿಸ್ತಾರಾ ಅಂತ ನಗ್ಬೇಡಿ, ಕೆರೆ ಅರ್ಥ ಆಗ್ಬೇಕು ಅಂದ್ರೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಮೊದಲು ಜೋಡಿ ಸರಿಯಾಗಿ ಆರಿಸ್ಕೊಳ್ಳಿ. ಈಚಲು ಮರಕ್ಕೆ ಗೂಡು ನೇತುಹಾಕೋ ಮಾಮೂಲಿ ಗೀಜಗ ಬೇಡ. ಎದೆ ಮೇಲೆ ಕಪ್ಪು ಗೆರೆ ಇರುತ್ತಲ್ಲ, ಬರ್ಡರ್‌ಗಳು ಸ್ಟ್ರೀಕ್ಡ್ ವೀವರ್ ಅಂತಾರಲ್ಲ, ಅದು ಬೇಕು, ಯಾಕಂದ್ರೆ ಅದು ಗೂಡು ಕಟ್ಟೋದೇ ನೀರಲ್ಲಿ ನಿಂತಿರೋ ಜೊಂಡಲ್ಲಿ. ಮಳೆಗಾಲದಲ್ಲಿ ಹೋಗಿ, ಗಂಡಿನ ನೆತ್ತಿ ಹಳದಿ ಆಗಿರತ್ತೆ.

ಆಮೇಲೆ ನೋಟ್‌ಬುಕ್ಕಲ್ಲಿ ಎರಡು ಕಾಲಂ ಹಾಕಿ, ಎರಡಕ್ಕೂ ಒಂದೇ ಪ್ರಶ್ನೆ ಕೇಳಿ. ಗಂಡು-ಹೆಣ್ಣು ಹೇಗೆ ಸೇರ್ತವೆ? ಹಕ್ಕಿ ಕಡೆ ಗಂಡಿಂದೇ ಎಲ್ಲಾ ಕೆಲಸ: ನಾಲ್ಕಾರು ಜೊಂಡಿನ ಎಲೆ ತುದಿ ಬಗ್ಗಿಸಿ ಒಟ್ಟಿಗೆ ಕಟ್ಟಿ, ಅದರ ಕೆಳಗೆ ನೇಯ್ಕೊಂಡು ಹೋಗತ್ತೆ, ಅರ್ಧ ಗೂಡು ಆದ್ಮೇಲೆ ಹೆಣ್ಣು ಬಂದು ನೋಡತ್ತೆ, ಒಪ್ಪಿದ್ರೆ ಪೂರ್ತಿ ಮಾಡಿ ಇವನು ಇನ್ನೊಂದು ಗೂಡು ಶುರು ಮಾಡ್ತಾನೆ! ಜೊಂಡಲ್ಲಿ ಎರಡೂ ಒಂದೇ ಕಡ್ಡೀಲಿ, ಮೇಲೆ ಗಂಡು ಹೂ, ಕೆಳಗೆ ಸೀಕ್ ಕಬಾಬ್ ಥರ ದಪ್ಪಗಿರೋದು ಹೆಣ್ಣು. ಸರಿಯಾದ ಟೈಮಲ್ಲಿ ಮೇಲ್ಗಡೆ ಮೆಲ್ಲಗೆ ತಟ್ಟಿ, ಹಳದಿ ಪುಡಿ ಉದುರತ್ತೆ. ಅದನ್ನ ಹೊತ್ಕೊಂಡು ಹೋಗೋದು ಗಾಳಿ, ಹಾಗಾಗಿ ಹೂವಿಗೆ ಬಣ್ಣ ಯಾಕೆ ಬೇಕು? ಗೀಜಗಕ್ಕಾದ್ರೆ ಹೆಣ್ಣಿನ ಕಣ್ಣಿಗೆ ಬೀಳ್ಲೇಬೇಕು.

ಹರಡೋದು ಹೇಗೆ ಅಂತ ಬರೀರಿ. ಜೊಂಡಿನ ಬೀಜ ಹತ್ತಿ ಥರ ಹಾರತ್ತೆ, ಜೊತೆಗೆ ಕೆಸರೊಳಗೆ ಗೆಡ್ಡೆಬೇರು ಬೇರೆ. ಚರಂಡಿ ನೀರು ಸೇರೋ ಕೆರೇಲಂತೂ ಕೇಳ್ಬೇಡಿ, ಗೊಬ್ಬರ ಹಾಕಿದಂಗೆ, ಕೆರೇನೇ ಮುಚ್ಚಿಬಿಡತ್ತೆ. ಊರವರು ಬೈಯೋದ್ರಲ್ಲಿ ತಪ್ಪೇನಿಲ್ಲ. ಹಕ್ಕಿಗೆ ಆ ಸ್ಪೀಡ್ ಇಲ್ಲ, ಗೂಡಿರೋ ಜೊಂಡು ಕಿತ್ರೆ ಮೊಟ್ಟೆ ಮರಿ ಎಲ್ಲಾ ಹೋಯ್ತು.

ಗೂಡು ನೋಡೋಕೆ ಜೊಂಡು ಸರಿಸ್ಬೇಡಿ, ದಡದಿಂದ ಬೈನಾಕ್ಯುಲರ್ ಸಾಕು. ಗಿಡದ ಫೋಟೋ ಐನ್ಯಾಚುರಲಿಸ್ಟ್‌ಗೆ, ಹಕ್ಕಿ ಲಿಸ್ಟ್ ಇಬರ್ಡ್‌ಗೆ ಹಾಕಿ (ಎರಡೂ ನಾವು ನೋಡಿದ್ದನ್ನ ದಾಖಲಿಸೋ ಆನ್‌ಲೈನ್ ತಾಣಗಳು), ತಾರೀಖು ಮರೀಬೇಡಿ. ನಿಮ್ಮ ಕೆರೆ ಕ್ಲೀನ್ ಮಾಡ್ತಾರೆ ಅಂತ ಸುದ್ದಿ ಬಂದ್ರೆ ಆ ತಾರೀಖುಗಳನ್ನೇ ತೋರಿಸಿ ಕೇಳಿ: ಮರಿ ಹಾರಿದ್ಮೇಲೆ ಕತ್ತರಿಸಿ, ಒಂದು ಮೂಲೇಲಿ ಸ್ವಲ್ಪ ಜೊಂಡು ಬಿಡಿ ಅಂತ.