ಅಧ್ಯಕ್ಷರೇ, ಮೊಬೈಲಿನಲ್ಲಿ ಸಂಘ ನಡೆಸುವುದು ಹೀಗೆ

ಉಡುಪಿ ಕಡೆಯ ಯಾವುದಾದರೂ ಯುವಕ ಮಂಡಲವನ್ನು ನೋಡಿ. ಅಧ್ಯಕ್ಷರು ಊರಲ್ಲಿ, ಕಾರ್ಯದರ್ಶಿ ಬೆಂಗಳೂರಲ್ಲಿ, ದೊಡ್ಡ ದೇಣಿಗೆ ಕೊಡುವವರು ಮುಂಬೈ, ದುಬೈಯಲ್ಲಿ. ಎಲ್ಲರೂ ಒಟ್ಟಿಗೆ ಕೂರುವುದು ಮಹಾಸಭೆಗೆ ಮಾತ್ರ, ಅದೂ ರಜೆ ಸಿಕ್ಕರೆ. ಉಳಿದ ದಿನ ಸಂಘ ನಡೆಯುವುದು ವಾಟ್ಸ್ಆ್ಯಪ್‌ನಲ್ಲೇ. ಇಂಥ ಸಂಘ ನಡೆಸಲು ಹೊಸ ಹೊಸ ಆ್ಯಪ್ ಗೊತ್ತಿರಬೇಕು ಅಂತೇನಿಲ್ಲ. ಯಾವ ಕೆಲಸ ಯಾರದ್ದು, ಅದು ಎಲ್ಲಿ ಬರೆದಿದೆ ಎಂಬುದು ಎಲ್ಲರಿಗೂ ಕಾಣುವಂತೆ ಇಡುವ ಅಭ್ಯಾಸ ಬೇಕು. ಕೃಷ್ಣಾಷ್ಟಮಿಯ ಮೊಸರುಕುಡಿಕೆ ಉತ್ಸವಕ್ಕೆ ಒಂದೆರಡು ತಿಂಗಳು ಇರುವಾಗಲೇ ಶುರು ಮಾಡಿ.

ಮೊದಲು ಗ್ರೂಪ್ ಬೇರೆ ಮಾಡಿ

ಗುಡ್ ಮಾರ್ನಿಂಗ್ ಹೂವು, ಕಂಬಳದ ವಿಡಿಯೋ, ಶಾಮಿಯಾನದ ರೇಟು ಎಲ್ಲ ಒಂದೇ ಕಡೆ ಬಿದ್ದರೆ ಕೆಲಸದ ಮಾತು ಯಾರ ಕಣ್ಣಿಗೂ ಬೀಳುವುದಿಲ್ಲ. ಹರಟೆಗೆ ಹಳೇ ಗ್ರೂಪ್ ಇರಲಿ. ತೀರ್ಮಾನಗಳಿಗೆ ಇನ್ನೊಂದು ಮಾಡಿ, ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವಂತೆ ಸೆಟ್ಟಿಂಗ್ ಇಡಿ. ಹರಟೆ ನಿಲ್ಲಿಸಲು ಮಾತ್ರ ಹೋಗಬೇಡಿ. ಹರಟೆಗೆ ಬಾರದವರು ಕೆಲಸಕ್ಕೂ ಬರುವುದಿಲ್ಲ.

ಮೆಸೇಜ್ ಬರೆಯಲು ಕಲಿಯಿರಿ

ನನ್ನ ಪ್ರಕಾರ ಇದೇ ಮುಖ್ಯ. ಮೈಕ್ ಹಿಡಿದು ಚೆಂದ ಮಾತಾಡುವವರೂ ಎಡವುವುದು ಇಲ್ಲೇ. "ಶನಿವಾರ ಶಾಮಿಯಾನ ಬರ್ತದೆ, ಯಾರಾದ್ರೂ ಸ್ವಲ್ಪ ನೋಡಿಕೊಳ್ಳಿ" ಎಂದು ಹಾಕಿದಿರಿ ಅಂದುಕೊಳ್ಳಿ. ಸಾಲಾಗಿ ಹೆಬ್ಬೆರಳು ಬೀಳುತ್ತವೆ, ಶನಿವಾರ ಮೈದಾನದಲ್ಲಿ ಒಬ್ಬರೂ ಇರುವುದಿಲ್ಲ. ಅದನ್ನೇ ಹೀಗೆ ಬರೆಯಿರಿ:

"ಶಾಮಿಯಾನ ಶನಿವಾರ ಬೆಳಿಗ್ಗೆ 8ಕ್ಕೆ ಶಾಲೆ ಮೈದಾನಕ್ಕೆ ಬರ್ತದೆ. ನಿಂತು ಹಾಕಿಸುವುದು ಜೊತೆ ಕಾರ್ಯದರ್ಶಿ. ಬಾಕಿ ಹಣ ಕೊಡುವುದು ಖಜಾಂಚಿ. ಆಗದಿದ್ದರೆ ಗುರುವಾರ ರಾತ್ರಿಯೊಳಗೆ ನನಗೆ ಫೋನ್ ಮಾಡಿ."

ಯಾವ ಕೆಲಸ, ಯಾರು, ಎಷ್ಟು ಹೊತ್ತಿಗೆ, ಆಗದಿದ್ದರೆ ಏನು. ನಾಲ್ಕೂ ಇದ್ದರೆ ಸಾಕು. ಐದು ನಿಮಿಷದ ವಾಯ್ಸ್ ಮೆಸೇಜ್ ಹಾಕುವ ಚಾಳಿ ಇದ್ದರೆ ಅದರ ಕೆಳಗೆ ಎರಡು ಸಾಲು ಬರೆದುಬಿಡಿ. ಬಸ್ಸಿನಲ್ಲಿ ನಿಂತವನು ಅದನ್ನು ಪೂರ್ತಿ ಕೇಳುತ್ತಾನಾ ಮಾರಾಯ್ರೆ?

ಸಭೆಯ ಹೊತ್ತು ಎಲ್ಲರಿಗೂ ಆಗಲಿ

ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ 9 ಅಂದರೆ ಅಲ್ಲಿ 7.30. ಭಾನುವಾರ ಆ ಹೊತ್ತಿಗೆ ಇಟ್ಟರೆ ಇಬ್ಬರಿಗೂ ಆದೀತು. ವಿಷಯ ಎರಡೋ ಮೂರೋ ಸಾಕು. ಸುಮ್ನೆ ಕೂತವರನ್ನು ಹೆಸರು ಹಿಡಿದು ಕೇಳಿ. ಆನ್‌ಲೈನ್ ಸಭೆಯಲ್ಲಿ ಮೌನ ಅಂದರೆ ಒಪ್ಪಿಗೆ ಅಲ್ಲ, ಎಷ್ಟೋ ಸಲ ಕರೆಂಟ್ ಹೋಗಿರುತ್ತದೆ. ನಡಾವಳಿಯನ್ನು ಅದೇ ರಾತ್ರಿ ಗ್ರೂಪಿಗೆ ಹಾಕಿ.

ಲೆಕ್ಕ ತೆರೆದಿಡಿ

ದೇಣಿಗೆಯನ್ನು ಯಾರದೋ ಸ್ವಂತ ಯುಪಿಐಗೆ ಹಾಕಿಸಬೇಡಿ. ಎಷ್ಟು ಪ್ರಾಮಾಣಿಕರಾದರೂ ಮಾತು ಬಂದೇ ಬರುತ್ತದೆ. ಸಂಘದ ಹೆಸರಲ್ಲಿ, ಇಬ್ಬರ ಸಹಿಯ ಬ್ಯಾಂಕ್ ಖಾತೆ ಇರಲಿ, ಕ್ಯೂಆರ್ ಕೋಡ್ ಅದರದ್ದೇ ಆಗಲಿ. ಬಂದದ್ದು, ಹೋದದ್ದು ಗೂಗಲ್ ಶೀಟ್‌ನಲ್ಲಿ ಬರೆಯಿರಿ. ತಿದ್ದುವ ಹಕ್ಕು ಇಬ್ಬರಿಗೆ, ನೋಡುವ ಲಿಂಕ್ ಸಮಿತಿಯ ಎಲ್ಲರಿಗೂ. ಯಾರು ಯಾವಾಗ ಏನು ಬದಲಿಸಿದರು ಎಂಬುದು ಶೀಟಿನ ವರ್ಷನ್ ಹಿಸ್ಟರಿಯಲ್ಲಿ ಸಿಗುತ್ತದೆ.

ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ ಎಂಬುದನ್ನು ಖಜಾಂಚಿಗೆ ಮೊದಲ ದಿನವೇ ಹೇಳಿಬಿಡಿ. "ದೇಣಿಗೆ ಕಳಿಸಿದ್ದೇನೆ, ಪಿನ್ ಹಾಕಿ" ಎಂದು ಯಾರಾದರೂ ಹೇಳಿದರೆ ಅದು ಮೋಸವೇ. ಹಣ ಹೋಗಿಯೇ ಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಫೋನ್ ಇಲ್ಲದವರ ಮನೆಗೆ ಹೋಗಿ

1928ರಲ್ಲಿ ಪಿಗ್ಮಿ ಠೇವಣಿ ಶುರುವಾದದ್ದು ನಮ್ಮ ಉಡುಪಿಯ ಬ್ಯಾಂಕಿನಿಂದಲೇ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದು. ದಿನಕ್ಕೆ ಎರಡಾಣೆಯಾದರೂ ಸರಿ, ಏಜೆಂಟರು ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದರು. ಆ ಕ್ರಮ ಸಂಘಕ್ಕೆ ಈಗಲೂ ಬೇಕು. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯ ಸದಸ್ಯರ ಪಟ್ಟಿ ಮಾಡಿ, ಒಬ್ಬೊಬ್ಬರಿಗೆ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಗೊತ್ತು ಮಾಡಿ. ತೀರ್ಮಾನ ಆಗುವ ಮೊದಲೇ ಹೋಗಿ ಕೇಳಿ ಬರಲಿ. ಆದ ಮೇಲೆ ತಿಳಿಸುವುದು ಕೇಳಿದಂತಲ್ಲ, ಅಲ್ವಾ?

ಜಗಳಕ್ಕೆ ಫೋನ್, ಹೊಗಳಿಕೆಗೆ ಗ್ರೂಪ್

ಇಬ್ಬರ ನಡುವೆ ಖಾರದ ಮೆಸೇಜ್ ಎರಡು ಸುತ್ತು ಓಡಿತು ಅಂದರೆ ಮೂರನೆಯದಕ್ಕೆ ಕಾಯಬೇಡಿ. ಬೇರೆ ಬೇರೆಯಾಗಿ ಕರೆ ಮಾಡಿ. ಊರಲ್ಲೇ ಇದ್ದರೆ ಮನೆಗೇ ಹೋಗಿ. ತಪ್ಪು ಹೇಳುವುದಿದ್ದರೆ ಒಬ್ಬರಿಗೇ ಹೇಳಿ, ಕೆಲಸ ಚೆನ್ನಾಗಿ ಮಾಡಿದರೆ ಎಲ್ಲರೆದುರು ಹೇಳಿ.

ಎಐ ಬಳಸಿ, ನಂಬಿ ಕೂರಬೇಡಿ

ಆಮಂತ್ರಣದ ಕರಡು, ವರದಿಯ ಸಾರಾಂಶಕ್ಕೆ ಚಾಟ್‌ಜಿಪಿಟಿಯಂಥವು ಆಗುತ್ತವೆ. ಊರಿನ ಹೆಸರು, ದೈವದ ಹೆಸರು, ತಾರೀಕು ಮಾತ್ರ ನೀವೇ ಓದಿ ನೋಡಿ. ಸದಸ್ಯರ ಫೋನ್ ನಂಬರ್, ಆಧಾರ್ ಅದಕ್ಕೆ ಕೊಡಬೇಡಿ.

ಕೀಲಿ ಒಬ್ಬರ ಕೈಯಲ್ಲಿ ಬೇಡ

ಫೇಸ್‌ಬುಕ್ ಪೇಜ್ ಮಾಡಿದ ಹುಡುಗ ಗಲ್ಫಿಗೆ ಹೋದ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಈ ಕಥೆ ಕೇಳದ ಊರು ಕಡಿಮೆ. ಗ್ರೂಪ್, ಪೇಜ್, ಯೂಟ್ಯೂಬ್ ಚಾನೆಲ್, ಶೀಟ್ ಎಲ್ಲಕ್ಕೂ ಇಬ್ಬರು ಅಡ್ಮಿನ್ ಇರಲಿ. ಒಬ್ಬರು ಮೂವತ್ತರ ಒಳಗಿನವರಾದರೆ ಒಳ್ಳೆಯದು, ಅವರಿಂದ ನೀವೂ ನಾಲ್ಕು ವಿಷಯ ಕಲಿಯಬಹುದು. ಮಹಾಸಭೆಯಲ್ಲಿ ಹೊಸ ಸಮಿತಿಗೆ ರಶೀದಿ ಪುಸ್ತಕ, ಕಪಾಟಿನ ಬೀಗದಕೈ ಕೊಡುವಾಗಲೇ ಈ ಅಡ್ಮಿನ್ ಹಕ್ಕುಗಳನ್ನೂ ಬದಲಿಸಿ, ನಡಾವಳಿ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಿ.