ಟೇಬಲ್ ಕೆಟ್ಟಾಗ ರಿಪೇರ್ ಒತ್ತುವ ಮುನ್ನ

ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸಾಫ್ಟ್‌ವೇರಿನ ಟೇಬಲ್ ಕೆಟ್ಟಿತೆಂದರೆ ಮೊದಲು ರಿಪೇರ್ ಬಟನ್ ಒತ್ತುವವರೇ ಹೆಚ್ಚು. ಉಳಿದಿದ್ದ ಡೇಟಾವೂ ಹಾಳಾಗುವುದು ಆಗಲೇ.

ಹಂತ 1: ಸರ್ವರ್ ನಿಲ್ಲಿಸಿ, ಡೇಟಾ ಫೋಲ್ಡರನ್ನು ಇಡಿಯಾಗಿ ಬೇರೆ ಡಿಸ್ಕಿಗೆ ನಕಲು ಮಾಡಿ. ಅದೇ ಡಿಸ್ಕ್ ಬೇಡ. ರೋಗ ಅಲ್ಲೇ ಇರಬಹುದು.

ಹಂತ 2: ಎಂಜಿನ್, ಅಂದರೆ ಟೇಬಲನ್ನು ಡಿಸ್ಕಿನಲ್ಲಿ ಇಡುವ ವ್ಯವಸ್ಥೆ, ಯಾವುದು ನೋಡಿ. .ಎಂವೈಐ ಫೈಲಿದ್ದರೆ ಮೈಐಸ್ಯಾಮ್, .ಐಬಿಡಿ ಇದ್ದರೆ ಇನ್ನೋಡಿಬಿ.

ಹಂತ 3: ಮೈಐಸ್ಯಾಮ್ ಆದರೆ ಸರ್ವರ್ ಎಬ್ಬಿಸಿ ಚೆಕ್ ಟೇಬಲ್ ಕಮಾಂಡ್ ಕೊಡಿ, ಆಮೇಲೆ ರಿಪೇರ್ ಟೇಬಲ್. ಅಷ್ಟೇ. ನಡುವೆ ಕರೆಂಟ್ ಹೋದರೆ, ಸರ್ವರ್ ಎದ್ದ ಕೂಡಲೇ ಬೇರೇನೂ ಮುಟ್ಟದೆ ಮತ್ತೆ ರಿಪೇರ್ ಕೊಡಿ.

ಹಂತ 4: ಎಲ್ಲರೂ ಎಡವುವುದು ಇನ್ನೋಡಿಬಿಯಲ್ಲಿ. ಇದಕ್ಕೆ ರಿಪೇರ್ ಟೇಬಲ್ ನಡೆಯುವುದೇ ಇಲ್ಲ. ಇದ್ದಷ್ಟು ಡೇಟಾ ಹೊರಗೆಳೆಯುವುದೊಂದೇ ದಾರಿ. ಅಪ್ಲಿಕೇಶನ್ ಬಂದ್ ಮಾಡಿ, ಕಾನ್ಫಿಗ್ ಫೈಲಿನಲ್ಲಿ 'ಇನ್ನೋಡಿಬಿ ಫೋರ್ಸ್ ರಿಕವರಿ' (ಡೇಟಾ ಕೆಟ್ಟಿದ್ದರೂ ಸರ್ವರ್ ಏಳಿಸುವ ಸೆಟ್ಟಿಂಗ್) 1 ಎಂದಿಟ್ಟು ಸರ್ವರ್ ಎಬ್ಬಿಸಿ. ಏಳದಿದ್ದರೆ 2, ಆಮೇಲೆ 3. ಸೀದಾ ಕೊನೆಯ ಮಟ್ಟವಾದ 6ಕ್ಕೆ ಹಾರುವ ಅವಸರದವರಿದ್ದಾರೆ. 4ರಿಂದ ಮೇಲಿನವು ಡೇಟಾ ಫೈಲನ್ನೇ ಶಾಶ್ವತವಾಗಿ ಕೆಡಿಸಬಲ್ಲವು, ಅವನ್ನು ನಕಲಿನ ಮೇಲೆ ಮಾತ್ರ ಪ್ರಯೋಗಿಸಿ.

ಸರ್ವರ್ ಎದ್ದರೆ ಟೇಬಲಿನ ಡೇಟಾವನ್ನು ಫೈಲಿಗೆ (ಡಂಪ್) ಬರೆಯುವ ಮೈಎಸ್‌ಕ್ಯೂಎಲ್‌ಡಂಪ್‌ನಿಂದ ಒಂದೊಂದೇ ಟೇಬಲ್ ತೆಗೆಯಿರಿ. ಕೆಟ್ಟ ಟೇಬಲ್ ಬಂದಾಗ ಸಂಪರ್ಕ ಕಡಿದು 'ಅಟ್ ರೋ: 41233' ಎಂಬಂಥ ದೋಷ ಕಾಣಿಸಬಹುದು. ಅದು ಎಷ್ಟನೇ ಸಾಲು ಎಂಬ ಲೆಕ್ಕ, ಐಡಿ (ಸಾಲಿನ ಗುರುತಿನ ಸಂಖ್ಯೆ) ಎಂದುಕೊಳ್ಳಬೇಡಿ. ಡಂಪಿನಲ್ಲಿ ಕೊನೆಗೆ ಬಂದ ಐಡಿ ನೋಡಿಕೊಂಡು, ಮುಂದಿನದನ್ನು 'ವೇರ್' ಷರತ್ತು (ಇಂಥ ಐಡಿಯಿಂದ ಆಚೆಯವು ಮಾತ್ರ ಎಂದು) ಹಾಕಿ ತೆಗೆಯಿರಿ. ಇನ್ನೋಡಿಬಿ ಸಾಲುಗಳನ್ನು 'ಪುಟ' ಎಂಬ ತುಂಡುಗಳಲ್ಲಿ ಇಡುತ್ತದೆ, ಒಂದು ಪುಟ ಸಾಮಾನ್ಯವಾಗಿ 16 ಕೆಬಿ. ಪುಟ ಕೆಟ್ಟರೆ ಅದರೊಳಗಿನ ಸಾಲುಗಳೆಲ್ಲ ಒಟ್ಟಿಗೇ ಹೋಗುತ್ತವೆ. ಆದ್ದರಿಂದ ಒಂದೊಂದೇ ಐಡಿ ದಾಟುತ್ತ ಕೂರದೆ ಇನ್ನೂರು ಮುನ್ನೂರು ಹಾರಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಪ್ರತಿ ಸಲ ಸರ್ವರ್ ಬಿದ್ದೇಳುತ್ತದೆ, ತಾಳ್ಮೆ ಬೇಕು.

ಈ ಹೊತ್ತಿನಲ್ಲೇ 'ಒಂದೇ ಕ್ಲಿಕ್ಕಿನಲ್ಲಿ ರಿಪೇರಿ' ಎನ್ನುವ ಸಾಫ್ಟ್‌ವೇರ್ ಜಾಹೀರಾತು ಕಣ್ಣಿಗೆ ಬೀಳುವುದು. ಮೊದಲು ನಾಲ್ಕು ಸಾಲು ತೋರಿಸಿ ಆಮೇಲೆ ದುಡ್ಡು ಕೇಳುವ ಇಂಥವನ್ನು ನಾನಂತೂ ಹತ್ತಿರ ಸೇರಿಸುವುದಿಲ್ಲ.

ಹಂತ 5: ಹೊಸ ಖಾಲಿ ಫೋಲ್ಡರಿನಲ್ಲಿ ಸರ್ವರ್ ಶುರುಮಾಡಿ ಡಂಪ್ ಏರಿಸಿ. ಅದಕ್ಕೂ ಮುಂಚೆ ಫೋರ್ಸ್ ರಿಕವರಿ ಸಾಲನ್ನು ಅಳಿಸಿ. ಮರೆತರೆ ಇನ್ಸರ್ಟ್, ಅಪ್‌ಡೇಟ್ ಯಾವುದೂ ನಡೆಯದು. 'ಬಿಲ್ ಸೇವ್ ಆಗ್ತಿಲ್ಲ' ಎಂಬ ಫೋನು ಶುರುವಾಗುತ್ತದೆ. ತಿಂಗಳ ಲೆಕ್ಕ ತಾಳೆಯಾಗುವ ತನಕ ಹಳೆಯ ನಕಲನ್ನು ಅಳಿಸಬೇಡಿ.